ಬಂದೂಕಿನ ಕ್ರಯವೂ ಹಸ್ತಾಂತರವೂ
(ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಜಮೀನುದಾರರಿಗಾಗಿ ಮಾಡಿದ ಉಪನ್ಯಾಸ)



ಎರೆಯ ಹೊಲಗಳಲ್ಲಿ ಜೋಳ, ಕಡಲೆ, ಹೆಸರು ಬೆಳೆಯುವ ಈ ಸೀಮೆಯ ರೈತರಿಗೆ ಜಿಂಕೆಯ ಹಿಂಡೂ ಕಾಡುಹಂದಿಯೂ ಹೊಸತಲ್ಲ. ಪೈರಿನ ರಕ್ಷಣೆಗೆಂದು ಬಂದೂಕನ್ನು ಇಟ್ಟುಕೊಳ್ಳುವವರುಂಟು. ಆದರೆ ಸಂತೆಯಲ್ಲಿ ಎತ್ತಿನ ಹಗ್ಗವನ್ನು ಕೊಟ್ಟಂತೆ ಬಂದೂಕನ್ನು ಕೈಯಿಂದ ಕೈಗೆ ಕೊಡಲಾಗದು.

ಆಯುಧದ ಕಾನೂನು ಈ ಭಾಗದಲ್ಲಿ ಕಹಿಯಾದ ನೆನಪುಗಳನ್ನು ಬಿಟ್ಟಿದೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆಯಾದಾಗ ಹಲಗಲಿಯ ಬೇಡರು ತಿರುಗಿಬಿದ್ದರು. 1858ರಲ್ಲಿ ನರಗುಂದದ ಬಾಬಾಸಾಹೇಬನು ಬಂಡಾಯವೆದ್ದನು. 1878ರ ಕಾನೂನು ಬಹುಕಾಲ ನಡೆಯಿತು. ಈಗ ನಡೆಯುತ್ತಿರುವುದು 1959ರ ಆಯುಧ ಕಾನೂನು. ಇದು 1962ನೆಯ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಯೋಗ್ಯ ಕಾರಣವುಳ್ಳ ಪ್ರಜೆಗೆ ಪರವಾನಗಿ ದೊರೆಯುವ ಮಾರ್ಗವು ಇದರಲ್ಲಿ ಹೇಳಲ್ಪಟ್ಟಿದೆ.

ಕ್ರಯ. — ಮೊದಲು ಪರವಾನಗಿ, ಅನಂತರ ಬಂದೂಕು. ಈ ಕ್ರಮವನ್ನು ತಪ್ಪತಕ್ಕದ್ದಲ್ಲ. ಅರ್ಜಿಯನ್ನು ಗದಗ ಜಿಲ್ಲೆಯ ದಂಡಾಧಿಕಾರಿಗಳಿಗೆ ಸಲ್ಲಿಸಬೇಕು. ಅವರು ಸಮೀಪದ ಪೋಲೀಸು ಠಾಣೆಯಿಂದ ವರದಿಯನ್ನು ತರಿಸಿಕೊಳ್ಳುವರು. ನಿಜವಾದ ಪೈರಿನ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಕಾನೂನು ವಿಶೇಷವಾಗಿ ಹೆಸರಿಸಿದೆ. 21 ವರ್ಷ ತುಂಬದವನಿಗೆ ಪರವಾನಗಿಯಿಲ್ಲ. ಪರವಾನಗಿ ಕೈಸೇರಿದ ಮೇಲೆ ಪರವಾನಗಿಯುಳ್ಳ ವ್ಯಾಪಾರಿಯ ಅಂಗಡಿಯಲ್ಲಿಯೇ ಕೊಳ್ಳುವುದು ಕ್ಷೇಮ. ಬಂದೂಕಿನ ಮೇಲೆ ಕೊರೆದಿರುವ ಗುರುತೂ ಸಂಖ್ಯೆಯೂ ಕಾಗದದ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು. ಗುರುತಿಲ್ಲದ ಬಂದೂಕನ್ನು ಅಗ್ಗವೆಂದು ಮುಟ್ಟಬಾರದು. 2019ರ ತಿದ್ದುಪಡಿಯಂತೆ ಸಾಮಾನ್ಯ ಪರವಾನಗಿದಾರನು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಟ್ಟುಕೊಳ್ಳಲಾಗದು. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಗಳಿಗೆ ಏರಿದೆ.

ಹಸ್ತಾಂತರ. — ತನ್ನ ಬಂದೂಕನ್ನು ಮತ್ತೊಬ್ಬನಿಗೆ ಮಾರಬೇಕೆನ್ನುವವನು, ಕೊಳ್ಳುವವನ ಹೆಸರು ವಿಳಾಸಗಳೊಡನೆ ದಂಡಾಧಿಕಾರಿಗಳಿಗಾಗಲಿ ಸಮೀಪದ ಠಾಣೆಗಾಗಲಿ ಬರಹದ ಮೂಲಕ ತಿಳಿಸಿ, 45 ದಿನಗಳಿಗೆ ಕಡಿಮೆಯಿಲ್ಲದಂತೆ ಕಾಯಬೇಕು. ಕೊಳ್ಳುವವನಿಗೂ ಪರವಾನಗಿ ಇರಲೇಬೇಕು. ನೆರೆಹೊರೆಯ ವಿಶ್ವಾಸವಾಗಲಿ ಬೀಗತನವಾಗಲಿ ಈ ಕಾಗದಕ್ಕೆ ಬದಲಾಗಲಾರದು.

ವಾರಸು. — ಹೆಚ್ಚು ಮನೆಗಳು ಎಡವುವುದು ಇಲ್ಲಿಯೇ. ಹೊಲವು ವಾರಸಿನಿಂದ ಮಗನಿಗೆ ಬಂದಂತೆ ತಂದೆಯ ಬಂದೂಕೂ ಬಂದಿತೆಂದು ತಿಳಿದು, ಅದನ್ನು ಅಟ್ಟದ ಮೇಲೆಯೇ ಬಿಡುತ್ತಾರೆ. ಪರವಾನಗಿಯು ತಂದೆಯ ಹೆಸರಿನದು. ಅವನೊಡನೆಯೇ ಅದು ಮುಗಿಯಿತು. ವಾರಸುದಾರರು ವಿಳಂಬಮಾಡದೆ ಬಂದೂಕನ್ನು ಠಾಣೆಯಲ್ಲಾಗಲಿ, ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಠೇವಣಿಯಿಟ್ಟು ರಸೀದಿ ಪಡೆದು, ತಮ್ಮ ಹೆಸರಿಗೆ ಪರವಾನಗಿ ಬೇಡಬೇಕು. ಪರವಾನಗಿಯಿಲ್ಲದೆ ಇಟ್ಟುಕೊಂಡವನಿಗೆ ಎರಡರಿಂದ ಐದು ವರ್ಷಗಳ ಸೆರೆವಾಸವೂ ದಂಡವೂ ಉಂಟು. ಇದನ್ನು ತಪ್ಪಿಸಲು ಸುಲಭವಾದ ದಾರಿಯೂ ಇದೆ: ಪರವಾನಗಿದಾರನಿಗೆ 70 ವರ್ಷ ತುಂಬಿದಾಗ, ಇಲ್ಲವೇ ಬಂದೂಕು ಅವನಲ್ಲಿ 25 ವರ್ಷವಿದ್ದಾಗ, ಬದುಕಿರುವಾಗಲೇ ವಾರಸುದಾರನಿಗೆ ಪರವಾನಗಿ ಕೊಡಲು 2016ರ ನಿಯಮಗಳು ಅವಕಾಶವಿತ್ತಿವೆ.

ಉಪಯೋಗ. — ಬಂದೂಕಿನ ಪರವಾನಗಿಯು ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಕಾನೂನಿನ ಮೊದಲನೆಯ ಪಟ್ಟಿಗೆ ಸೇರಿದ ಕೃಷ್ಣಮೃಗವನ್ನು ಪೈರು ಮೇಯ್ದಿತೆಂಬ ಕಾರಣಕ್ಕಾಗಿ ಕೊಲ್ಲಲಾಗದು. ಕಾಡುಹಂದಿಗೂ ಅರಣ್ಯಾಧಿಕಾರಿಗಳ ಬರಹದ ಅಪ್ಪಣೆ ಬೇಕು. ಪೈರಿನ ನಷ್ಟವನ್ನು ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರವನ್ನು ಕೇಳುವುದೇ ವಿವೇಕ.

ಊರ ಹಿರಿಯರು ತಮ್ಮ ತಮ್ಮ ಗ್ರಾಮಗಳಲ್ಲಿ ವೃದ್ಧ ಪರವಾನಗಿದಾರರು ಯಾರಾರಿರುವರೆಂದು ವಿಚಾರಿಸಿ, ಅವರ ಮಕ್ಕಳಿಗೆ ಈ ಮಾತನ್ನು ಮುಂಚಿತವಾಗಿ ತಿಳಿಸತಕ್ಕದ್ದು. ದುಃಖದ ಮನೆಗೆ ಮೊಕದ್ದಮೆಯೂ ಬಂದು ಸೇರದಂತೆ ಕಾಯುವುದು ಅವರ ಕೈಯಲ್ಲಿದೆ.