ಗಾಲಿಯ ಕೆಳಗಿನ ನೆಲ

2024ರ ಜೂನ್ 23ರಂದು ನಮ್ಮ ಚಳ್ಳಕೆರೆ ಸೀಮೆಯ ಆಕಾಶದಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ‘ಪುಷ್ಪಕ್’ ನೌಕೆಯನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೆಳಗೆ ಬಿಟ್ಟಿತು. ನೌಕೆ ತಾನೇ ದಾರಿ ಹಿಡಿದು ಬಂದು ಡಿಆರ್‌ಡಿಓದ ರನ್‌ವೇ ಮುಟ್ಟಿದಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ರಾಂಪುರದಲ್ಲೂ ಮೊಳಕಾಲ್ಮೂರಿನಲ್ಲೂ ಜನ ನೌಕೆಯ ಬಗ್ಗೆ ಮಾತಾಡಿಕೊಂಡರು. ನಾನಿಂದು ಹೇಳಹೊರಟಿರುವುದು ಅಂಥ ಹೊರೆಯನ್ನು ಹೊರುವ ನೆಲದ ಬಗ್ಗೆ.

ಪುಷ್ಪಕ್ ಹಗುರ. ನಿಜವಾದ ಭಾರ ನೋಡಬೇಕೆಂದರೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗಬೇಕು. 2022ರ ಅಕ್ಟೋಬರ್ 14ರಿಂದ ಅಲ್ಲಿಗೆ ಎಮಿರೇಟ್ಸ್‌ನ ಎ-380 ವಿಮಾನ ಬರತೊಡಗಿತು. ಪೂರ್ತಿ ತುಂಬಿಕೊಂಡು ಏಳುವಾಗ ಅದು ಸುಮಾರು 560 ಟನ್ ತೂಗಬಲ್ಲದು. ಬೋಯಿಂಗ್ 777ರ ದೊಡ್ಡ ಮಾದರಿ 350 ಟನ್. ಆದರೆ ಮೊದಲನೆಯದಕ್ಕೆ ಮುಖ್ಯ ಗಾಲಿಗಳು 20, ಎರಡನೆಯದಕ್ಕೆ 12. ಮೂಗಿನ ಗಾಲಿಗಳ ಪಾಲನ್ನು ಕಳೆದು ಹಂಚಿ ನೋಡಿದರೆ ಎರಡರಲ್ಲೂ ಒಂದು ಗಾಲಿಯ ಪಾಲಿಗೆ ಬರುವುದು 27 ಟನ್ನಿನ ಆಸುಪಾಸು. ನಮ್ಮ ಹೆದ್ದಾರಿಯ ಲಾರಿಯಲ್ಲಿ ನಾಲ್ಕು ಟೈರಿನ ಒಂದಿಡೀ ಆಕ್ಸಲ್‌ಗೆ ಕಾನೂನು ಒಪ್ಪುವುದೇ ಹನ್ನೊಂದೂವರೆ ಟನ್.

ಹಾಗಾದರೆ ನೆಲಕ್ಕೆ ಎರಡು ವಿಮಾನವೂ ಒಂದೆಯೇ? ಮೇಲ್ಪದರಕ್ಕೆ ಹೆಚ್ಚುಕಡಿಮೆ ಹೌದು, ಆಳಕ್ಕೆ ಅಲ್ಲ. ಗಾಲಿಯ ಒತ್ತಡ ಇಳಿಯುತ್ತಾ ಅಗಲಕ್ಕೆ ಹರಡಿ, ಪಕ್ಕದ ಗಾಲಿಯ ಒತ್ತಡದ ಜೊತೆ ಸೇರಿಕೊಳ್ಳುತ್ತದೆ. ಬೇರೆ ಬೇರೆ ಹೊಲದ ಎರಡು ಬೋರ್‌ವೆಲ್‌ಗಳು ಆಳದಲ್ಲಿ ಒಂದರ ನೀರನ್ನೊಂದು ಎಳೆದುಕೊಳ್ಳುವುದನ್ನು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪದರಪದರವಾದ ನೆಲದ ಗಣಿತವನ್ನು ಅಮೆರಿಕದ ಎಂಜಿನಿಯರ್ ಡೊನಾಲ್ಡ್ ಬರ್ಮಿಸ್ಟರ್ 1943ರಲ್ಲೇ ಬರೆದರು. ಕೈಲೆಕ್ಕಕ್ಕೆ ಎರಡು ಮೂರು ಪದರವೇ ದೊಡ್ಡ ಹೊರೆ. ಕಂಪ್ಯೂಟರಿಗೆ ಹಾಗಲ್ಲ. ಡಾಂಬರು, ಜಲ್ಲಿ, ಮಣ್ಣು ಇವುಗಳ ದಪ್ಪ, ಗಡಸುತನ, ಇಪ್ಪತ್ತು ವರ್ಷ ಬಂದುಹೋಗುವ ವಿಮಾನಗಳು, ಎಲ್ಲವನ್ನೂ ಕೊಡುತ್ತೇವೆ. ಒಂದೊಂದು ಓಡಾಟಕ್ಕೂ ಡಾಂಬರಿನ ತಳ ಎಷ್ಟು ಹಿಗ್ಗಿತು, ಮಣ್ಣಿನ ನೆತ್ತಿ ಎಷ್ಟು ಕುಗ್ಗಿತು ಎಂದು ಅದು ಲೆಕ್ಕ ಹಾಕುತ್ತದೆ. ಪ್ರತಿ ಓಟವೂ ಆಯುಷ್ಯದ ಒಂದು ಚೂರನ್ನು ತಿನ್ನುತ್ತದೆ; ಚೂರುಗಳ ಮೊತ್ತ ಒಂದಾದ ದಿನ ರನ್‌ವೇಯ ಆಯುಷ್ಯ ಮುಗಿಯಿತು.

ಇಳಿಯುವಾಗಿನ ಪೆಟ್ಟೇ ದೊಡ್ಡದೆಂದು ಬಹಳ ಜನ ತಿಳಿದಿದ್ದಾರೆ. ಆದರೆ ಇಳಿಯುವ ವಿಮಾನದ ಇಂಧನ ಕರಗಿರುತ್ತದೆ, ರೆಕ್ಕೆಗಳು ಇನ್ನೂ ಭಾರವನ್ನು ಎತ್ತಿ ಹಿಡಿದಿರುತ್ತವೆ. ಟ್ಯಾಂಕು ತುಂಬಿಸಿಕೊಂಡು, ಏಳುವ ಮುಂಚೆ ಮೆಲ್ಲಗೆ ಸಾಗುವ ವಿಮಾನವೇ ನೆಲವನ್ನು ಹೆಚ್ಚು ದಣಿಸುತ್ತದೆ.

ಈ ಲೆಕ್ಕದಲ್ಲಿ ವಿಮಾನದ ಅಂಕಿಗಳು ಖಚಿತ, ತಯಾರಿಸಿದವರೇ ಕೊಡುತ್ತಾರೆ. ಕಷ್ಟವಿರುವುದು ಮಣ್ಣಿನಲ್ಲಿ. ಶೇಂಗಾ ಬೆಳೆವ ಕೆಂಪು ನೆಲ ಅಷ್ಟು ಕಾಡದು. ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. ಯಾವ ತಿಂಗಳ ಗಡಸುತನವನ್ನು ಕಂಪ್ಯೂಟರಿಗೆ ಕೊಡುವುದು? ಅದಕ್ಕೇ ಮಣ್ಣಿನ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಹಾಕಿ, ಅದು ಸೋತ ಸ್ಥಿತಿಯಲ್ಲೇ ಅಳೆಯುತ್ತಾರೆ. ಈ ಪರೀಕ್ಷೆಯಲ್ಲಿ ಕಾಸು ಉಳಿಸಹೊರಡುವುದನ್ನು ನಾನು ಖಂಡಿತ ಒಪ್ಪಲಾರೆ. ಇಲ್ಲಿ ಕೊಟ್ಟ ತಪ್ಪು ಅಂಕಿಯನ್ನು ಎಂಥ ಕಂಪ್ಯೂಟರೂ ತಿದ್ದದು. ರನ್‌ವೇ ಹಾಕಿದ ಮೇಲೂ ತೂಕದ ಗುಂಡನ್ನು ಬೀಳಿಸಿ, ನೆಲ ಎಷ್ಟು ತಗ್ಗಿತೆಂದು ಅಳೆದು ಲೆಕ್ಕದೊಂದಿಗೆ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಪದರಗಳ ಗಡಸುತನವನ್ನು ತಿದ್ದಿ, ಉಳಿದ ವರ್ಷಗಳನ್ನು ಮತ್ತೆ ಎಣಿಸುತ್ತಾರೆ.