ವಯಸ್ಸಿಗೆ ಸಹಜ ಎಂದರೆ ಎಷ್ಟು?
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)

 

ಜಾವಗಲ್ ಇರಲಿ, ಅರಸೀಕೆರೆ ಇರಲಿ, ಬೇಲೂರು, ಹಳೇಬೀಡು ಇರಲಿ, ನಮ್ಮ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ವಯಸ್ಸಾಯ್ತಲ್ಲ, ಬಿಪಿ ಸ್ವಲ್ಪ ಜಾಸ್ತಿ ಇದ್ದೇ ಇರುತ್ತೆ, ಮಾತ್ರೆ ಯಾಕೆ?" ನೂರಕ್ಕೆ ವಯಸ್ಸನ್ನು ಕೂಡಿಸಿದರೆ ಅದೇ ಸರಿಯಾದ ಬಿಪಿ ಎಂಬ ಲೆಕ್ಕವನ್ನೂ ಕೆಲವರು ಹೇಳುತ್ತಾರೆ. ಆ ಲೆಕ್ಕದ ಪ್ರಕಾರ 70 ವರ್ಷದವರಿಗೆ 170 ಇದ್ದರೂ ಚಿಂತೆಯಿಲ್ಲ. ಈ ಮಾತು ಎಷ್ಟು ಸರಿ ಎಂಬುದೇ ನನ್ನ ಇಂದಿನ ವಿಷಯ.

ಮೊದಲು ನಮ್ಮ ರಕ್ತನಾಳದ ಸ್ವಭಾವ ತಿಳಿಯೋಣ. ಹೃದಯ ಒಂದು ಸಲ ಒತ್ತಿದಾಗ ಹೊರಬರುವ ರಕ್ತಕ್ಕೆ ಜಾಗ ಕೊಡಲು ದೊಡ್ಡ ರಕ್ತನಾಳ ರಬ್ಬರಿನಂತೆ ಹಿಗ್ಗುತ್ತದೆ. ಹೃದಯ ವಿರಮಿಸಿದಾಗ ಕುಗ್ಗಿ ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ಈ ಗುಣ ಬರುವುದು ಎಲಾಸ್ಟಿನ್ ಎಂಬ ನಾರಿನಿಂದ. ಅದು ಹೆಚ್ಚಾಗಿ ತಯಾರಾಗುವುದು ತಾಯಿಯ ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ. ಕೋಟಿಗಟ್ಟಲೆ ಬಡಿತಗಳನ್ನು ತಾಳಿ ಆ ನಾರು ಸವೆದಾಗ, ಅದರ ಜಾಗವನ್ನು ಗಡುಸಾದ ಕೊಲಾಜನ್ ಹಿಡಿಯುತ್ತದೆ. ತೆಂಗಿನ ತೋಟದಲ್ಲಿ ಬಿಸಿಲಿಗೆ ಬಿದ್ದ ಪೈಪು ವರ್ಷ ಕಳೆದಂತೆ ಪೆಡಸಾಗುವುದನ್ನು ನೀವು ನೋಡಿದ್ದೀರಿ. ನಾಳವೂ ಹಾಗೆಯೇ ಪೆಡಸಾಗುತ್ತದೆ. ಆಗ ಮೇಲಿನ ಬಿಪಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಮುದುಕರಲ್ಲಿ 170ಕ್ಕೆ 75 ಎಂಬಂಥ ಅಳತೆ ಕಾಣುವುದು ಇದರಿಂದಲೇ.

ನಾಳದ ಮೃದುತ್ವವನ್ನು ಪರೀಕ್ಷಿಸುವುದು ಹೊಸ ವಿಚಾರವಲ್ಲ. ಸಾವಿರ ವರ್ಷದ ಹಿಂದೆ ಬಾಳಿದ ಇಬ್ನ್ ಸೀನಾ (980-1037) ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ನಬ್ಜ್, ಅಂದರೆ ನಾಡಿ ನೋಡುವಾಗ ಗಮನಿಸಬೇಕಾದ ಹತ್ತು ಅಂಶಗಳನ್ನು ಹೇಳಿದ್ದಾರೆ. ನಾಳದ ಗೋಡೆ ಮೃದುವೋ ಗಟ್ಟಿಯೋ ಎಂಬುದು ಅವುಗಳಲ್ಲಿ ಒಂದು. ಹಕೀಮರ ಬೆರಳಿಗೆ ತಿಳಿಯುತ್ತಿದ್ದುದನ್ನು ಸಂಖ್ಯೆಯಲ್ಲಿ ಹೇಳುವ ಉಪಾಯ ಮುಂದೆ ಬಂತು. 1922ರಲ್ಲಿ ಬ್ರಾಮ್‌ವೆಲ್ ಮತ್ತು ಹಿಲ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು, ನಾಳ ಪೆಡಸಾದಷ್ಟೂ ನಾಡಿಯ ಅಲೆ ವೇಗವಾಗಿ ಓಡುತ್ತದೆ ಎಂಬುದನ್ನು ಸೂತ್ರದಲ್ಲಿ ತೋರಿಸಿದರು.

ವಿದ್ಯಾರ್ಥಿಗಳೇ, ಇದು ನಿಮ್ಮ ಶಾಲೆಯ ಲೆಕ್ಕವೇ. ಕುತ್ತಿಗೆಯ ನಾಡಿಗೂ ತೊಡೆಸಂದಿಯ ನಾಡಿಗೂ ನಡುವಿನ ದೂರ 60 ಸೆಂಟಿಮೀಟರ್ ಎನ್ನಿ. ನಾಳದ ನಿಜವಾದ ದಾರಿಗೆ ಹೊಂದಿಸಲು ಅದರ ಶೇಕಡಾ 80ನ್ನು, ಅಂದರೆ 48 ಸೆಂಟಿಮೀಟರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಎರಡು ಕಡೆ ಅಲೆ ತಲುಪುವ ಸಮಯದ ವ್ಯತ್ಯಾಸ 0.06 ಸೆಕೆಂಡ್ ಆದರೆ, ವೇಗ ಸೆಕೆಂಡಿಗೆ 8 ಮೀಟರ್.

ಹಾಗಾದರೆ ಎಷ್ಟಿದ್ದರೆ ಸಹಜ? ಯುರೋಪಿನ ಎಂಟು ದೇಶಗಳ ಅಳತೆಗಳನ್ನು ಒಟ್ಟುಗೂಡಿಸಿ 2010ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಬಿಪಿ, ಸಕ್ಕರೆ ಕಾಯಿಲೆ ಮುಂತಾದ ತೊಂದರೆಗಳಿಲ್ಲದ 1,455 ಜನರಲ್ಲಿ ಸರಾಸರಿ ವೇಗ 30ರ ಒಳಗಿನವರಿಗೆ 6.2 ಮೀಟರ್, ನಲವತ್ತರ ಪ್ರಾಯದವರಿಗೆ 7.2, ಐವತ್ತರವರಿಗೆ 8.3, ಅರವತ್ತರವರಿಗೆ 10.3, 70 ದಾಟಿದವರಿಗೆ 10.9. ಆದರೆ 2012ರಲ್ಲಿ ತಜ್ಞರು ಸೇರಿ, 10 ಮೀಟರ್ ದಾಟಿದರೆ ಹೃದಯಕ್ಕೂ ಮೆದುಳಿಗೂ ಅಪಾಯ ಹೆಚ್ಚು ಎಂದು ಗೆರೆ ಎಳೆದರು. ಗಮನಿಸಿ, ಆರೋಗ್ಯವಂತರೆನಿಸಿದ ಅರವತ್ತರ ಪ್ರಾಯದವರ ಸರಾಸರಿಯೇ ಈ ಗೆರೆಯ ಆಚೆಗಿದೆ. ಹಲವರಲ್ಲಿ ಇದೆ ಎಂದ ಮಾತ್ರಕ್ಕೆ ಅದು ಕ್ಷೇಮವಲ್ಲ. ಇನ್ನೊಂದು ವಿಷಯ: ಅದೇ ಪ್ರಾಯದವರಲ್ಲಿ ಅಳತೆ ಸುಮಾರು 5.5ರಿಂದ 15ರವರೆಗೆ ಹರಡಿತ್ತು. ಅಂದರೆ ಯುವಕರಷ್ಟೇ ಮೃದುವಾದ ನಾಳ ಉಳಿಸಿಕೊಂಡ ಹಿರಿಯರೂ ಇದ್ದಾರೆ. ವಯಸ್ಸೊಂದೇ ಕಾರಣವಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಯುರೋಪಿನ ಪಟ್ಟಿ ನಮಗೆ ಹಾಗೆಯೇ ಹೊಂದುತ್ತದೆಯೇ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಇದಕ್ಕೆ ನಮ್ಮ ಮೈಸೂರಿನ ಉದಾಹರಣೆ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುವ ಅಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. 1934ರಿಂದ 1954ರೊಳಗೆ ಹುಟ್ಟಿದ ನಾನೂರಕ್ಕೂ ಹೆಚ್ಚು ಜನರನ್ನು ಅವರು 40 ದಾಟಿದ ಮೇಲೆ ಹುಡುಕಿ, ಬಿಪಿಯನ್ನೂ ನಾಡಿ ಅಲೆಯ ವೇಗವನ್ನೂ ಅಳೆದರು. ಸಣ್ಣದಾಗಿ ಹುಟ್ಟಿದವರ ನಾಳ ಮುಂದೆ ಹೆಚ್ಚು ಪೆಡಸಾಗುತ್ತದೆ ಎಂದು ಇಂಗ್ಲೆಂಡಿನ ಶೆಫೀಲ್ಡಿನ ಅಧ್ಯಯನ 1995ರಲ್ಲಿ ಹೇಳಿತ್ತು. 2000ದಲ್ಲಿ ಪ್ರಕಟವಾದ ಮೈಸೂರಿನ ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ. ನಮ್ಮ ಜನರನ್ನು ನಾವೇ ಅಳೆಯಬೇಕು ಎಂಬುದೇ ಇದರ ಪಾಠ. ವಿಜ್ಞಾನ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಇಲ್ಲಿ ಬೇಕಾದಷ್ಟು ಕೆಲಸ ಕಾದಿದೆ.

ವಯಸ್ಸಿನ ಜೊತೆ ಬಿಪಿ ಏರಲೇಬೇಕೆಂಬ ನಿಯಮವೂ ಇಲ್ಲ. 32 ದೇಶಗಳಲ್ಲಿ ನಡೆದು 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ, ಬ್ರೆಜಿಲ್ ಕಾಡಿನ ಯಾನೊಮಾಮಿ ಜನರ ಬಿಪಿ ವಯಸ್ಸಾದರೂ ಏರಿರಲಿಲ್ಲ. ಅವರ ಆಹಾರದಲ್ಲಿ ಉಪ್ಪು ಇಲ್ಲವೆಂಬಷ್ಟು ಕಡಿಮೆ. ಅವರ ಬದುಕೇ ಬೇರೆ, ನಿಜ. ಆದರೂ "ವಯಸ್ಸಿಗೆ ಸಹಜ" ಎಂಬುದರಲ್ಲಿ ನಮ್ಮ ಊಟ ಮತ್ತು ಅಭ್ಯಾಸದ ಪಾಲೂ ಇದೆ ಎಂಬುದನ್ನು ಇದು ಸೂಚಿಸುತ್ತದೆ.

ಮಾತ್ರೆಯ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ 60 ದಾಟಿದ, ಮೇಲಿನ ಬಿಪಿ 160ಕ್ಕಿಂತ ಹೆಚ್ಚು, ಕೆಳಗಿನದು 90ಕ್ಕಿಂತ ಕಡಿಮೆ ಇದ್ದ 4,736 ಜನರ ಪರೀಕ್ಷೆಯ ಫಲಿತಾಂಶ 1991ರಲ್ಲಿ ಹೊರಬಂತು. ಮಾತ್ರೆ ತೆಗೆದುಕೊಂಡವರಲ್ಲಿ ಲಕ್ವ ಹೊಡೆಯುವುದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಯಿತು. 80 ದಾಟಿದವರಿಗೂ ಚಿಕಿತ್ಸೆ ಆಯುಸ್ಸು ಹೆಚ್ಚಿಸುತ್ತದೆ ಎಂದು 2008ರ ಇನ್ನೊಂದು ಪರೀಕ್ಷೆ ತೋರಿಸಿತು. ಸಹಜವೆಂದು ಬಿಟ್ಟಿದ್ದರೆ ಅಷ್ಟು ಮನೆಗಳಲ್ಲಿ ಹಿರಿಯರು ಹಾಸಿಗೆ ಹಿಡಿಯುತ್ತಿದ್ದರು.

ನಾಡಿ ಅಲೆ ಅಳೆಯುವ ಯಂತ್ರ ನಮ್ಮೂರಿಗೆ ಬರುವವರೆಗೆ ಕಾಯಬೇಕಿಲ್ಲ. ಬೀಡಿ, ಸಿಗರೇಟು, ಕಾಫಿ ಆಗಿ ಅರ್ಧ ಗಂಟೆಯಾದರೂ ಕಳೆದಿರಲಿ. ಐದು ನಿಮಿಷ ಸುಮ್ಮನೆ ಕುಳಿತು ಬಿಪಿ ನೋಡಿಸಿ. ಎರಡೂ ಸಂಖ್ಯೆ ಬರೆದುಕೊಂಡು ಕಳೆಯಿರಿ. ಹಿರಿಯರಲ್ಲಿ ವ್ಯತ್ಯಾಸ 60 ದಾಟಿದರೆ ನಾಳ ಪೆಡಸಾಗಿರುವ ಸೂಚನೆ. ಮೇಲಿನದು ಮತ್ತೆ ಮತ್ತೆ 140 ದಾಟಿದರೆ ವೈದ್ಯರನ್ನು ಕಾಣಿ. ಕೆಳಗಿನದು ಸರಿಯಿದೆ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಒಂದೇ ಸಲದ ಅಳತೆಗೆ ಹೆದರಲೂ ಬೇಡಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲಿ ಸೇರಿತು. ಬೀಡಿ ಬಿಡಿ, ನಡೆಯಿರಿ. ಮೂರು ತಿಂಗಳು ತಪ್ಪದೆ ವೇಗವಾಗಿ ನಡೆದ ಮಧ್ಯವಯಸ್ಕರ ಕುತ್ತಿಗೆಯ ನಾಳ ಮತ್ತೆ ಮೃದುವಾದುದನ್ನು 2000ದ ಅಧ್ಯಯನವೊಂದು ತೋರಿಸಿದೆ. ರಂಜಾನಿನಲ್ಲಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸಹರಿ, ಇಫ್ತಾರಿಗೆ ಸಮಯ ಹೊಂದಿಸಿಕೊಡುವಂತೆ ವೈದ್ಯರನ್ನು ಮೊದಲೇ ಕೇಳಿ.

ವಯಸ್ಸಿನೊಂದಿಗೆ ನಾಳ ಸ್ವಲ್ಪ ಪೆಡಸಾಗುವುದು ಸಹಜ. ಅದನ್ನು ಅಳೆಯದೆ, ಔಷಧಿ ಮಾಡದೆ ಬಿಡುವುದು ಸಹಜವಲ್ಲ. ವಿದ್ಯಾರ್ಥಿಗಳೇ, ಈ ವಾರವೇ ನಿಮ್ಮ ದಾದಾ, ದಾದಿ, ನಾನಾ, ನಾನಿಯರ ಬಿಪಿ ನೋಡಿಸಿ, ಎರಡು ಸಂಖ್ಯೆ ಬರೆದಿಡಿ. ನೀವು ಓದಿದ ವಿದ್ಯೆ ಮೊದಲು ನಿಮ್ಮ ಮನೆಯವರಿಗೆ ಉಪಯೋಗವಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.