ಕಾಡಿನ ಜಮಾಬಂದಿ

ಜಮಾಬಂದಿ ಎಂಬ ಮಾತು ನಮ್ಮ ಕಡೆಯ ಹಿರಿಯರಿಗೆ ಹೊಸದಲ್ಲ. ವರ್ಷಕ್ಕೊಮ್ಮೆ ಮೇಲಧಿಕಾರಿಗಳು ಬಂದು, ಪಟವಾರಿಯ ದಫ್ತರವನ್ನು ಬಿಚ್ಚಿಸಿ, ಎಷ್ಟು ಭೂಮಿ ಬಿತ್ತಿದೆ, ಎಷ್ಟು ಬೀಳು ಬಿದ್ದಿದೆ, ಬರಬೇಕಾದದ್ದೆಷ್ಟು, ಬಂದದ್ದೆಷ್ಟು ಎಂದು ತಾಳೆ ನೋಡುವ ಕೆಲಸಕ್ಕೆ ಆ ಹೆಸರು. ಅಧಿಕಾರಿ ಒಳ್ಳೆಯವನಾದರೆ ದಫ್ತರವನ್ನು ಮಡಿಸಿಟ್ಟು ಹೊಲದ ಬದುವಿನ ಮೇಲೆ ನಡೆದು ಬರುತ್ತಿದ್ದ. ಅಲ್ಲದವನಾದರೆ ಚಾವಡಿಯಲ್ಲೇ ಕುಳಿತು ರುಜು ಹಾಕಿ ಹೊರಡುತ್ತಿದ್ದ. ಎರಡಕ್ಕೂ ಹೆಸರು ಜಮಾಬಂದಿಯೇ.

ಕಾಡಿಗೂ ಇಂಥದೊಂದು ಜಮಾಬಂದಿ ಉಂಟು. ರಾಷ್ಟ್ರೀಯ ಉದ್ಯಾನವೊಂದನ್ನು ನೋಡಿಕೊಳ್ಳುವವರು ತಾವು ಮಾಡುತ್ತೇವೆಂದು ಬರೆದುಕೊಟ್ಟದ್ದೇನು, ಮಾಡಿದ್ದೇನು, ಮಾಡಿದ್ದರಿಂದ ಕಾಡಿಗೆ ಆದದ್ದೇನು ಎಂಬ ಮೂರು ಲೆಕ್ಕಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವ ಕೆಲಸ ಅದು. ಈ ಹೊತ್ತಿನ ನನ್ನ ಮಾತು ಅದನ್ನು ಕುರಿತದ್ದು.

ಬಯಲುಸೀಮೆಯವನಿಗೆ ಇದರ ಉಸಾಬರಿ ಏಕೆಂದು ಕೆಲವರು ಕೇಳಬಹುದು. ನಾನು ಮುಧೋಳದವನು. ಮುಧೋಳ ಎಂದೊಡನೆ ರನ್ನ ಕವಿಯನ್ನೂ ಬೇಟೆನಾಯಿಯನ್ನೂ ನೆನೆಯುವವರೇ ಹೆಚ್ಚು. ಅವೆರಡೂ ಬಾಗಲಕೋಟೆಯ ಕಡೆಯ ಮುಧೋಳಕ್ಕೆ ಸೇರಿದವು. ನಮ್ಮದು ಸೇಡಂ ತಾಲ್ಲೂಕಿನ ಮುಧೋಳ. ಪೂರ್ವಕ್ಕೆ ತೆಲಂಗಾಣದ ಗಡಿ, ಸುತ್ತ ತೊಗರಿಯ ಹೊಲ. ಸೇಡಂ, ಮಳಖೇಡ, ವಾಡಿಗಳಲ್ಲಿ ಸಿಮೆಂಟಿನ ಚಿಮಣಿಗಳು. ಶಹಾಬಾದಿನಲ್ಲಿ ಮನೆಮನೆಗೂ ಹಾಸುವ ಫರಸಿ ಕಲ್ಲಿನ ಗಣಿ. ಈ ಸೀಮೆಯ ನೆಲವನ್ನು ಟನ್ನಿನಲ್ಲಿ ಅಳೆಯುವುದು ರೂಢಿಯಾಗಿ ಬಹಳ ಕಾಲವಾಯಿತು. ನೆಲವನ್ನು ಬೇರೆ ಬಗೆಯಲ್ಲಿಯೂ ಅಳೆಯಬಹುದೆಂಬ ಯೋಚನೆ ಬಂದದ್ದು ಈಚೆಗೆ. 2011ರಲ್ಲಿ ನಮ್ಮ ನೆರೆಯ ಚಿಂಚೋಳಿ ತಾಲ್ಲೂಕಿನ ಕಾಡನ್ನು ಸರ್ಕಾರ ವನ್ಯಜೀವಿ ಅಭಯಾರಣ್ಯವೆಂದು ಸಾರಿತು. ಸುಮಾರು 135 ಚದರ ಕಿಲೋಮೀಟರು. ದಕ್ಷಿಣ ಭಾರತದ ಮೊದಲ ಒಣಭೂಮಿಯ ಅಭಯಾರಣ್ಯವೆಂದು ಇದಕ್ಕೆ ಹೆಸರು. ಚಂದ್ರಂಪಳ್ಳಿಯ ಜಲಾಶಯ, ಎತ್ತಿಪೋತ ಜಲಪಾತ ಇದರ ಒಳಗೇ ಇವೆ. ಹುಲಿ ಇಲ್ಲ, ಆನೆ ಇಲ್ಲ. ತೋಳ, ಕತ್ತೆಕಿರುಬ, ನರಿ, ಕೊಂಡಕುರಿ, ನಾವು ಚಿಗರಿ ಎನ್ನುವ ಕೃಷ್ಣಮೃಗ, ಇವು ಅಲ್ಲಿಯ ಪ್ರಜೆಗಳು. ಕಾಡಿನೊಳಗೆ ಲಂಬಾಣಿ ತಾಂಡಾಗಳಿವೆ, ಅವರೂ ಪ್ರಜೆಗಳೇ.

ಕರ್ನಾಟಕದ ಐದು ರಾಷ್ಟ್ರೀಯ ಉದ್ಯಾನಗಳಾದ ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ, ಇವುಗಳಲ್ಲಿ ಒಂದೂ ನಮ್ಮ ಕಡೆ ಇಲ್ಲ. ಅಳತೆಗೋಲು ತಯಾರಾದದ್ದು ಅಲ್ಲಿ. ಅದು ಇಲ್ಲಿಗೆ ಬರುವ ಮುನ್ನ ಅದರ ಗೆಣ್ಣು ಗಂಟುಗಳನ್ನು ಒಮ್ಮೆ ನೋಡಿಕೊಳ್ಳುವುದು ಮೇಲು.

1973ರ ಏಪ್ರಿಲ್ ಒಂದರಂದು ಹುಲಿ ಯೋಜನೆ ಆರಂಭವಾದಾಗ ಮೊದಲಿಗೆ ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಧ್ಯೇಯವನ್ನು ಆಗಲೇ ಬರೆದಿಟ್ಟಿದ್ದರು: ಬಾಳಿಕೆ ಬರುವಷ್ಟು ಹುಲಿಗಳು ಉಳಿಯಬೇಕು, ಅವು ಬಾಳುವ ನೆಲೆಯೂ ಶಾಶ್ವತವಾಗಿ ಉಳಿಯಬೇಕು. ಧ್ಯೇಯ ಸೊಗಸಾಗಿತ್ತು. ಅದು ಕೈಗೂಡುತ್ತಿದೆಯೇ ಎಂದು ತಿಳಿಯುವ ಉಪಾಯ ಮಾತ್ರ ಬಡವಾಗಿತ್ತು. ಕಾವಲುಗಾರರು ಕಾಡಿನ ದಾರಿಗಳಲ್ಲಿ ಹುಲಿಯ ಹೆಜ್ಜೆಗುರುತನ್ನು ಹುಡುಕಿ, ಗಾಜಿನ ಮೇಲೆ ಅದರ ಗೆರೆ ತೆಗೆದು, ಗಾರೆಯಲ್ಲಿ ಅಚ್ಚು ಹಿಡಿದು, ಇದು ಈ ಹುಲಿ, ಅದು ಆ ಹುಲಿ ಎಂದು ಗುರುತಿಸಿ ಎಣಿಸುತ್ತಿದ್ದರು. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಪದ್ಧತಿ ನಡೆಯಿತು. 2002ರಲ್ಲಿ ದೇಶದ ಹುಲಿಗಳು 3642 ಎಂಬ ಲೆಕ್ಕ ಬಂದಿತು.

ಆಮೇಲೆ ರಾಜಸ್ಥಾನದ ಸರಿಸ್ಕಾ. 2004ರ ಗಣತಿಯ ಕಾಗದದಲ್ಲಿ ಅಲ್ಲಿ ಹತ್ತಕ್ಕೆ ಮೀರಿ ಹುಲಿಗಳಿದ್ದವು. 2005ರ ಹೊತ್ತಿಗೆ ಹುಡುಕಿದರೆ ಒಂದೂ ಇರಲಿಲ್ಲ, ಕಳ್ಳಬೇಟೆಗಾರರು ತೆಗೆದಿದ್ದರು. ಹುಲಿ ಸತ್ತ ಸುದ್ದಿಗಿಂತ, ಸತ್ತ ಹುಲಿಗಳು ಲೆಕ್ಕದ ಪುಸ್ತಕದಲ್ಲಿ ಬದುಕಿಯೇ ಇದ್ದವೆಂಬ ಸುದ್ದಿ ನಮ್ಮನ್ನು ಹೆಚ್ಚು ಬೆಚ್ಚಿಸಬೇಕು. ಕಾವಲಿನವನೇ ಎಣಿಸುವವನೂ ಆದಾಗ, ಹೋದ ವರ್ಷಕ್ಕಿಂತ ಈ ವರ್ಷ ಕಡಿಮೆ ಎಂದು ಬರೆಯುವ ಧೈರ್ಯ ಯಾರಿಗಿದ್ದೀತು? ಆತನನ್ನು ಸುಳ್ಳುಗಾರನೆಂದು ಹಳಿಯಲು ನನಗೆ ಮನಸ್ಸಿಲ್ಲ. ಸಂಖ್ಯೆ ಇಳಿದರೆ ಕೆಲಸ ಕೆಟ್ಟಿತೆಂದು ತಿಳಿಯುವ ಮೇಲಿನವರು, ಸಂಖ್ಯೆ ಇಳಿಯದಂತೆ ನೋಡಿಕೊಳ್ಳುವ ಕೆಳಗಿನವರನ್ನು ತಾವೇ ಬೆಳೆಸುತ್ತಾರೆ.

ಇದಕ್ಕೆ ಎಷ್ಟೋ ಮೊದಲು, 1990ರ ದಶಕದ ಆರಂಭದಲ್ಲೇ, ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಮರಗಳಿಗೆ ಕ್ಯಾಮೆರಾ ಕಟ್ಟಿ ಹುಲಿಯ ಮೈಪಟ್ಟೆಯಿಂದ ಅದನ್ನು ಗುರುತಿಸುವ ವಿಧಾನವನ್ನು ನಡೆಸಿ ತೋರಿಸಿದ್ದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಸರಿಸ್ಕಾದ ತರುವಾಯ ಹುಲಿ ಕಾರ್ಯಪಡೆ ಕೂತಿತು, 2006ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಬಂದಿತು, ಗಣತಿಯ ವಿಧಾನವೂ ಬದಲಾಯಿತು. ಹೊಸ ವಿಧಾನದ ಮೊದಲ ಫಲ 1411. ನಾಲ್ಕು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹುಲಿಗಳು ಸತ್ತವೆಂದು ಹಲವರು ತಿಳಿದರು. ಸೇರಿನಿಂದ ಅಳೆದದ್ದನ್ನು ತಕ್ಕಡಿಯಲ್ಲಿ ತೂಗಿದ್ದರಿಂದ ಕಳೆಯಲು ಬರುವುದಿಲ್ಲ. ಅಳತೆಗೋಲು ಬದಲಾದ ವರ್ಷ ಯಾವುದೆಂದು ಕೇಳಿಕೊಳ್ಳದೆ ಪ್ರಗತಿಯ ಪಟ್ಟಿಯನ್ನು ಓದಬಾರದು. ಅಲ್ಲಿಂದ ಮುಂದೆ 2010ರಲ್ಲಿ 1706, 2014ರಲ್ಲಿ 2226, 2018ರಲ್ಲಿ 2967, 2022ರಲ್ಲಿ 3682 ಎಂದು ಲೆಕ್ಕ ಏರಿತು. ಕರ್ನಾಟಕದ ಪಾಲು 2022ರಲ್ಲಿ 563. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141.

ಆದರೆ ಹುಲಿಯ ತಲೆ ಎಣಿಸಿದ ಮಾತ್ರಕ್ಕೆ ಉದ್ಯಾನದ ಆಡಳಿತವನ್ನು ಅಳೆದಂತಾಗದು. ಮಳೆ ಚೆನ್ನಾಗಿ ಬಂದು, ಜಿಂಕೆ ಹೆಚ್ಚಿ, ಹುಲಿ ತಾನಾಗಿ ಹೆಚ್ಚಿರಬಹುದು. ಆಡಳಿತವನ್ನೇ ಅಳೆಯಲು ವಿಶ್ವ ಸಂರಕ್ಷಣಾ ಸಂಘ 2000ದಲ್ಲಿ ಒಂದು ಚೌಕಟ್ಟನ್ನು ಹೊರತಂದಿತು. ನಮ್ಮ ದೇಶ ಅದನ್ನು ಒಗ್ಗಿಸಿಕೊಂಡು 2006ರಿಂದ ಹುಲಿ ಮೀಸಲುಗಳಿಗೆ ಅನ್ವಯಿಸುತ್ತ ಬಂದಿದೆ. ಆರು ಹಂತಗಳು ಇದರಲ್ಲಿ. ಈ ಕಾಡಿನ ಮಹತ್ವವೇನು, ಅದಕ್ಕಿರುವ ಭಯವೇನು, ಯೋಜನೆ ಹೇಗಿದೆ, ಹಣ, ಜನ, ಸಾಧನ ಒದಗಿವೆಯೇ, ಕೆಲಸ ನಡೆಸಿದ ರೀತಿ ಯಾವುದು, ಕೈಗೂಡಿದ ಕೆಲಸ ಎಷ್ಟು, ಕೊನೆಗೆ, ಫಲವೇನು. ಹೊರಗಿನ ತಜ್ಞರು ಬಂದು, ಪ್ರಶ್ನೆಗೊಂದರಂತೆ ಹತ್ತು, ಏಳೂವರೆ, ಐದು, ಎರಡೂವರೆ ಎಂದು ಅಂಕ ಕೊಡುತ್ತಾರೆ. ಅನುದಾನ ಸಕಾಲಕ್ಕೆ ಬಂದಿತೇ, ಜನರ ದೂರು ಕೇಳುವ ವ್ಯವಸ್ಥೆ ಇದೆಯೇ, ಕಾಡನ್ನು ನಂಬಿದವರ ಜೀವನೋಪಾಯದ ಚಿಂತೆಯನ್ನು ಆಡಳಿತ ಮಾಡಿದೆಯೇ ಎಂಬ ಪ್ರಶ್ನೆಗಳೂ ಅದರಲ್ಲಿವೆ ಎಂಬುದನ್ನು ಮೆಚ್ಚಬೇಕು. 2022ರ ಸುತ್ತಿನಲ್ಲಿ 51 ಮೀಸಲುಗಳ ಪೈಕಿ ಕೇರಳದ ಪೆರಿಯಾರ್ 94.38 ಪಡೆದು ಮೊದಲಾಯಿತು. ಬಂಡೀಪುರಕ್ಕೆ 93.18, ನಾಗರಹೊಳೆಗೆ 92.42.

ಶಾಲೆಯ ಹುಡುಗನೊಬ್ಬ ಇಷ್ಟು ಅಂಕ ತಂದರೆ ಊರವರು ಪೇಢೆ ಹಂಚುತ್ತಾರೆ. ನಾನೂ ಸಂತೋಷಪಟ್ಟೆ. ಆದರೂ ಒಂದು ಅನುಮಾನ ಬಿಡಲಿಲ್ಲ. ಸರಾಸರಿ ಎಂಬುದು ಒಳ್ಳೆಯದರ ಮರೆಯಲ್ಲಿ ಕೆಟ್ಟದ್ದನ್ನು ನಿಲ್ಲಿಸಿಬಿಡುವ ಗುಣವುಳ್ಳದ್ದು. ಇದೇ ಬಂಡೀಪುರದ ನೆಲವನ್ನು ಲಂಟಾನದ ಪೊದೆ ಆವರಿಸಿದೆ. ಅದರ ಕೆಳಗೆ ಹುಲ್ಲು ಬೆಳೆಯದು, ಒಣಗಿದಾಗ ಅದೇ ಬೆಂಕಿಗೆ ಮೇವು. 2019ರ ಫೆಬ್ರವರಿಯ ಕಾಳ್ಗಿಚ್ಚನ್ನು ಯಾರೂ ಮರೆತಿಲ್ಲ. ಲಂಟಾನ ಕಿತ್ತ ಎಕರೆಗಳು ಐದನೆಯ ಹಂತದ ಲೆಕ್ಕ, ಅಂದರೆ ಕೈಗೂಡಿದ ಕೆಲಸ. ಕಿತ್ತ ಜಾಗದಲ್ಲಿ ಹುಲ್ಲು ಮರಳಿ ಬಂದಿತೇ ಎಂಬುದು ಆರನೆಯದು, ಅಂದರೆ ಫಲ. ಐದನೆಯದಕ್ಕೆ ಬಿಲ್ಲು, ರಶೀದಿ, ಛಾಯಾಚಿತ್ರ ದೊರೆಯುತ್ತವೆ. ಆರನೆಯದಕ್ಕೆ ಎರಡು ಮೂರು ಮಳೆಗಾಲ ಕಾಯಬೇಕು. ಅಷ್ಟರಲ್ಲಿ ಅಧಿಕಾರಿಗೆ ವರ್ಗವಾಗಿರುತ್ತದೆ.

2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತುಬಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದರು. ಐದು ಹುಲಿ ಎಂಬುದು ಗಣತಿಯ ದೊಡ್ಡ ಮೊತ್ತದಲ್ಲಿ ಕಾಣದಷ್ಟು ಸಣ್ಣದು. ಆದರೆ ಹಸು ಸತ್ತಾಗ ಪರಿಹಾರ ಎಷ್ಟು ದಿನಕ್ಕೆ ಬರುತ್ತದೆ, ಬೀಟಿನ ಕಾವಲುಗಾರನಿಗೆ ಸಂಬಳ ಎಷ್ಟು ದಿನಕ್ಕೆ ಬರುತ್ತದೆ ಎಂಬ ಎರಡು ಸಣ್ಣ ಲೆಕ್ಕಗಳೇ ಹುಲಿಯ ಆಯುಸ್ಸನ್ನು ನಿರ್ಧರಿಸುವಂಥವು. ಇವು ಪ್ರಶ್ನಾವಳಿಯ ಮೂವತ್ತು ಚಿಲ್ಲರೆ ಪ್ರಶ್ನೆಗಳ ನಡುವೆ ಒಂದೊಂದಾಗಿ ಕುಳಿತುಬಿಟ್ಟರೆ ಅವುಗಳ ತೂಕ ತಿಳಿಯುವುದು ಹೇಗೆ?

ದಕ್ಷಿಣ ಆಫ್ರಿಕದ ಕ್ರೂಗರ್ ಉದ್ಯಾನದವರು ಈ ತೊಡಕನ್ನು ಬೇರೆ ರೀತಿಯಲ್ಲಿ ಎದುರಿಸಿದರು. ಅಲ್ಲಿ 1967ರಿಂದ ಆನೆಗಳ ಸಂಖ್ಯೆ ಏಳು ಸಾವಿರದ ಆಚೀಚೆ ಇರಬೇಕೆಂದು ನಿಯಮ ಮಾಡಿಕೊಂಡು, ಮಿಕ್ಕವನ್ನು ಗುಂಡಿಕ್ಕಿ ಕೊಲ್ಲುತ್ತಿದ್ದರು. ಗುರಿ ಒಂದು ಅಂಕಿ; ಅಂಕಿ ಮುಟ್ಟಿದರೆ ಗೆಲವು. 1994ರಲ್ಲಿ ಕೊಲ್ಲುವುದು ನಿಂತಿತು. ತರುವಾಯ ಅವರು ಪ್ರಶ್ನೆಯನ್ನೇ ಬದಲಿಸಿದರು: ಆನೆ ಎಷ್ಟು ಎಂಬುದು ಹಾಗಿರಲಿ, ದೊಡ್ಡ ಮರಗಳು ಯಾವ ಮಟ್ಟಕ್ಕೆ ಇಳಿದರೆ, ನದಿಯ ನೀರು ಯಾವ ಮಟ್ಟಕ್ಕೆ ಬತ್ತಿದರೆ ನಾವು ಎಚ್ಚರಗೊಳ್ಳಬೇಕು? ಆ ಗಡಿಗೆರೆಗಳನ್ನು ಮೊದಲೇ ಬರೆದಿಟ್ಟರು. ಗೆರೆ ದಾಟಿದರೆ ಸಭೆ ಕೂಡಲೇಬೇಕು, ಕಾರಣ ಹುಡುಕಲೇಬೇಕು. ಮೊದಲೇ ಬರೆದಿಡುವುದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಬಾಣ ನೆಟ್ಟಲ್ಲಿ ಗುರಿಯ ಸುತ್ತು ಬರೆಯುವ ಚಾತುರ್ಯಕ್ಕೆ ಅಲ್ಲಿ ಎಡೆಯಿಲ್ಲ.

ಇನ್ನು ನಮ್ಮ ಚಿಂಚೋಳಿ. ಅಂಕಿಗಳಿಂದ ಅಳೆಸಿಕೊಂಡ ಅನುಭವ ನಮ್ಮ ಜನಕ್ಕೆ ಹೊಸದಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ 35 ಸೂಚಕಗಳನ್ನಿಟ್ಟು ಅಳೆದು, ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಹೇಳಿದಾಗ ಅವುಗಳಲ್ಲಿ 21 ನಮ್ಮ ವಿಭಾಗದವೇ ಆಗಿದ್ದವು. ಆ ಅಳತೆಯಿಂದ ನಮಗೆ ಉಪಕಾರವಾಯಿತು. ಬಾಯಿಮಾತಿನ ದೂರಿಗೆ ಒಂದು ದಾಖಲೆ ಸಿಕ್ಕಿತು. ಹಾಗೆಂದೇ ಕಾಡನ್ನು ಅಳೆಯಬೇಡಿ ಎನ್ನುವವರ ಪಕ್ಷ ನಾನಲ್ಲ. ಏನನ್ನು ಅಳೆಯುತ್ತೀರಿ ಎಂಬುದಷ್ಟೇ ನನ್ನ ಪ್ರಶ್ನೆ.

ಒಣಭೂಮಿಯ ಕಾಡಿನಲ್ಲಿ ಇದು ಸೂಕ್ಷ್ಮವಾದ ಪ್ರಶ್ನೆ. ತೋಳಕ್ಕೂ ಚಿಗರಿಗೂ ಬೇಕಾದದ್ದು ಕಣ್ಣು ಹಾಯುವಷ್ಟು ತೆರೆದ ಹುಲ್ಲುಬಯಲು. ಕಾಡೆಂದರೆ ಮರ, ಬಯಲೆಂದರೆ ಪಾಳು ಎಂಬ ಹಳೆಯ ತಿಳಿವಳಿಕೆ ದಫ್ತರದಲ್ಲಿ ಉಳಿದರೆ, ಬಯಲಿನಲ್ಲಿ ಸಸಿ ನೆಟ್ಟದ್ದೆಲ್ಲ ಪ್ರಗತಿಯ ಖಾತೆಗೆ ಜಮೆಯಾಗುತ್ತದೆ. ತೋಳದ ಖಾತೆಯಲ್ಲಿ ಅದು ಖರ್ಚು. ರಾಣೆಬೆನ್ನೂರಿನ ಕಥೆ ನಮ್ಮ ಮುಂದಿದೆ. 1974ರಲ್ಲಿ ಕೃಷ್ಣಮೃಗಕ್ಕೆಂದು 119 ಚದರ ಕಿಲೋಮೀಟರಿನ ಧಾಮವಾದ ಆ ನೆಲದ ಬಹುಭಾಗದಲ್ಲಿ ನೀಲಗಿರಿ ನೆಡುತೋಪು ಎದ್ದಿತ್ತು. ಹಿಂದೆ ಅಲ್ಲಿ ಕಾಣುತ್ತಿದ್ದ ಎರ್ಲಡ್ಡು ಹಕ್ಕಿ ಕಣ್ಮರೆಯಾಯಿತು. ನೆಟ್ಟ ಸಸಿಗಳ ಲೆಕ್ಕದಲ್ಲಿ ಮಾತ್ರ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಚಿಂಚೋಳಿಯ ಕಾಡಿನ ಅಂಚಿನಲ್ಲೂ ಅಕೇಶಿಯ, ತೇಗದ ತೋಪುಗಳಿವೆ.

ಎರಡನೆಯದು ತಾಂಡಾಗಳ ಮಾತು. ಗಡಿಯಾಚೆ ತೆಲಂಗಾಣದಲ್ಲಿ ಲಂಬಾಣಿಗರು ಪರಿಶಿಷ್ಟ ಪಂಗಡ. ಈಚೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ನೆಲೆಸಿ ಅದನ್ನೇ ನಂಬಿದ್ದನೆಂದು ತೋರಿಸಿದರೆ ಸಾಕು. ಮಿಕ್ಕವರು ಅದಕ್ಕೂ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಒಂದೇ ಮಾತು, ಒಂದೇ ಉಡುಗೆ, ಹೆಣ್ಣು ಕೊಟ್ಟು ತರುವ ನಂಟಸ್ತನ. ನಡುವೆ ಒಂದು ಗಡಿಕಲ್ಲು. ಅದರ ಈಚೆ ಇರುವವನು ನಿಜಾಮರ ಕಾಲದ ಕಾಗದ ಹುಡುಕಬೇಕು. ತಾಂಡಾಗಳನ್ನು ಸ್ಥಳಾಂತರಿಸುವ ಮಾತು ಬಂದಾಗಲೂ ಲೆಕ್ಕ ಸುಲಭವಾಗಿಯೇ ಇರುತ್ತದೆ: ಇಷ್ಟು ಕುಟುಂಬ, ಇಷ್ಟು ಲಕ್ಷ ರೂಪಾಯಿ. ಹೊರಬಂದ ಕುಟುಂಬ ಐದು ವರ್ಷದ ಮೇಲೆ ಎಲ್ಲಿದೆ, ಸ್ವಂತ ಹೊಲದಲ್ಲೋ ಪುಣೆ ಮುಂಬಯಿಯ ಕಟ್ಟಡದ ಕೆಲಸದಲ್ಲೋ ಎಂಬ ಕಾಲಂ ಆ ಪಟ್ಟಿಯಲ್ಲಿ ಇರಬೇಕು.

ನನ್ನನ್ನು ಕೇಳಿದರೆ ಈ ಅಭಯಾರಣ್ಯಕ್ಕೆ ಮೂವತ್ತು ಪ್ರಶ್ನೆಗಳ ಮೊದಲು ನಾಲ್ಕೈದು ಸಾಕು. ಬೇಸಗೆಯ ಕೊನೆಗೆ ತೋಳದ ಗುಹೆಯಲ್ಲಿ ಮರಿಗಳಿವೆಯೇ? ಬಯಲು ಬಯಲಾಗಿಯೇ ಉಳಿದಿದೆಯೇ? ಕುರಿ ಕಳೆದುಕೊಂಡವನಿಗೆ ಮುಂದಿನ ಸಂತೆಯೊಳಗೆ ಪರಿಹಾರ ಮುಟ್ಟಿತೇ? ಕಾವಲುಗಾರನ ಹುದ್ದೆ ಎಷ್ಟು ಖಾಲಿ? ತಾಂಡಾದ ಹಕ್ಕುಪತ್ರದ ಅರ್ಜಿಗಳು ಯಾವ ಮೇಜಿನ ಮೇಲಿವೆ? ಇವುಗಳಿಗೆ ಉತ್ತರ ಬರೆಯಲು ವಿಮಾನದಲ್ಲಿ ತಜ್ಞರು ಬರಬೇಕಾಗಿಲ್ಲ, ಬಂದರೂ ಬೇಡವೆನ್ನುವುದಿಲ್ಲ.

2022ರಲ್ಲಿ ವನ್ಯಜೀವಿ ಕಾಯ್ದೆಗೆ ತಂದ ತಿದ್ದುಪಡಿ ಒಂದು ಒಳ್ಳೆಯ ಬಾಗಿಲನ್ನು ತೆರೆದಿದೆ. ಅಭಯಾರಣ್ಯವನ್ನು ಅನುಮೋದಿತ ನಿರ್ವಹಣಾ ಯೋಜನೆಯಂತೆಯೇ ನಡೆಸಬೇಕು. ಅರಣ್ಯ ಹಕ್ಕು ಕಾಯ್ದೆ ಅನ್ವಯಿಸುವ ಕಡೆ ಆ ಯೋಜನೆಯನ್ನು ಗ್ರಾಮಸಭೆಯೊಡನೆ ಸಮಾಲೋಚಿಸಿ ಸಿದ್ಧಪಡಿಸಬೇಕು ಎಂದು ಅದು ಹೇಳುತ್ತದೆ. ಸಮಾಲೋಚನೆ ಎಂದರೆ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸುವುದೇ ಆದರೆ ಮತ್ತೆ ಚಾವಡಿಯ ಜಮಾಬಂದಿಯೇ ಆದೀತು. ಅಂಥ ಸಭೆ ನಡೆಯುವುದು ತೊಗರಿಯ ರಾಶಿ ಮುಗಿದ ಮೇಲೆ, ಕಬ್ಬಿನ ಕಡಿತಕ್ಕೂ ಪಟ್ಟಣದ ಕೂಲಿಗೂ ಹೋದವರು ತಾಂಡಾಕ್ಕೆ ಮರಳಿದ ಯುಗಾದಿಯ ಆಸುಪಾಸಿನಲ್ಲಿ ಆಗಬೇಕು. ಯೋಜನೆಯನ್ನು ಅಲ್ಲಿ ಓದಿ ಹೇಳುವವರು ಕನ್ನಡದಲ್ಲಿ ಓದಿ, ಲಂಬಾಣಿಯಲ್ಲಿ ಹೇಳಿ, ಗಡಿಯ ಹಳ್ಳಿಗಳಲ್ಲಿ ತೆಲುಗಿನಲ್ಲಿಯೂ ತಿಳಿಸಬೇಕಾದೀತು.